ಅಪ್ಪಾಜಿಯ ಶ್ರೀಲಂಕಾ ಮೆಡಲ್ ಬಂದ್ವು, ಕೈಹಿಡಿದ ಎಲ್ರಿಗೂ ಶರಣು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಾಜಿ ಶ್ರೀಲಂಕಾದಲ್ಲಿ ಡ್ಯೂಟಿ ಮಾಡಿದ ಮಾಜಿ ಸೈನಿಕರು, ಅದಕ್ಕೆ ಸಿಗ್ಬೇಕಿದ್ದ ಮೆಡಲ್ ಅವ್ರ ರೆಕಾರ್ಡಲ್ಲಿ ಬಿಟ್ಟೋಗಿತ್ತು. ಸುಮಾರು ಜನ ಫೋನ್ ಮಾಡಿ ಕೇಳ್ತಾನೇ ಇದ್ರಿ, ಅಪ್ಪಾಜಿ ಮೆಡಲ್ ವಿಷ್ಯ ಏನಾಯ್ತು, ರೆಕಾರ್ಡ್ ಸರಿ ಮಾಡಿದ್ರಾ ಇಲ್ವಾ ಅಂತ. ಮಾಡಿದ್ರು. ಮೊದ್ಲು ಸೈನಿಕರ ದಾಖಲೆ ಇಡೋ ಆರ್ಮಿ ರೆಕಾರ್ಡ್ ಆಫೀಸಿಂದ ಪತ್ರ ಬಂತು, ಆಮೇಲೆ ಪೋಸ್ಟಲ್ಲಿ ಒಂದು ಸಣ್ಣ ಪಾರ್ಸೆಲ್ ಬಂತು, ಅದ್ರಲ್ಲಿ ಎರಡು ಮೆಡಲ್. ಒಂದು ಸ್ಪೆಷಲ್ ಸರ್ವೀಸ್ ಮೆಡಲ್, ಇನ್ನೊಂದು ವಿದೇಶ್ ಸೇವಾ ಮೆಡಲ್, ಎರಡಕ್ಕೂ ಶ್ರೀಲಂಕಾ ಅಂತ ಬರೆದ ಕ್ಲಾಸ್ಪ್, ಅಂದ್ರೆ ರಿಬ್ಬನ್ ಮೇಲಿನ ಲೋಹದ ಪಟ್ಟಿ. ಆರ್ಮಿ ಮೆಡಲ್ ಹತ್ರದಿಂದ ನೋಡಿಲ್ದೇ ಇರೋರಿಗೆ ಹೇಳ್ತೀನಿ, ಹೆಸರು ಮೆಡಲ್ ಮುಖದ ಮೇಲೆ ಇರಲ್ಲ, ಅದರ ದಪ್ಪ ಅಂಚು ಇರುತ್ತಲ್ಲ, ಅಲ್ಲಿ ನಂಬರ್, ರ‍್ಯಾಂಕ್, ಹೆಸರು ಸಣ್ಣ ಅಕ್ಷರದಲ್ಲಿ ಹಾಕಿರ್ತಾರೆ. ಅಪ್ಪಾಜಿ ಕನ್ನಡಕ ಹಾಕ್ಕೊಂಡು ಕಿಟಕಿ ಹತ್ರ ಹೋಗಿ ಅಂಚನ್ನ ತಿರುಗಿಸ್ತಾ ತಿರುಗಿಸ್ತಾ ತಮ್ಮ ನಂಬರ್ ಪೂರ್ತಿ ಓದಿ, ಸರಿ ಐತಿ ನೋಡವ್ವ ಅಂತ ನನ್ ಕೈಗೆ ಕೊಟ್ರು.

ಇದನ್ನ ಬರೀತಿರೋದು ಥ್ಯಾಂಕ್ಸ್ ಹೇಳಕ್ಕೆ. ಆದ್ರೆ ಯಾರಿಗೆ ಯಾಕೆ ಅಂತ ಗೊತ್ತಾಗ್ಬೇಕು ಅಂದ್ರೆ ಸ್ವಲ್ಪ ಹಿಂದಿಂದ ಹೇಳ್ಬೇಕು, ಉದ್ದ ಆಗುತ್ತೆ, ಓದಿ ದಯವಿಟ್ಟು.

ಅಪ್ಪಾಜಿ ಜಗಳೂರು ತಾಲ್ಲೂಕಿನ ಹಳ್ಳಿಯೋರು. 1981ರಲ್ಲಿ ಆರ್ಮಿಗೆ ಭರ್ತಿ ಆಗಿ ಡ್ರೈವರ್ ಟ್ರೇಡ್‌ನಲ್ಲಿ 17 ವರ್ಷ ಸರ್ವೀಸ್ ಮಾಡಿ 1998ರಲ್ಲಿ ಪೆನ್ಷನ್ ಬಂದ್ರು, ಆಮೇಲೆ ದಾವಣಗೆರೆಯಲ್ಲಿ ಬ್ಯಾಂಕ್ ಗಾರ್ಡ್ ಆಗಿ ಕೆಲ್ಸ ಮಾಡಿದ್ರು, ಇಲ್ಲಿ ಬಹಳ ಜನಕ್ಕೆ ಅವ್ರು ಹಂಗೇ ಗೊತ್ತು. ಶ್ರೀಲಂಕಾದಲ್ಲಿ ಇದ್ದೋರು ಅಂತ ಪಕ್ಕದ ಮನೆಯೋರಿಗೂ ಗೊತ್ತಿರ್ಲಿಲ್ಲ. 1987ರ ಜುಲೈ 29ಕ್ಕೆ ರಾಜೀವ್ ಗಾಂಧಿ, ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ರಲ್ಲ, ಅದಾದ್ಮೇಲೆ ನಮ್ಮ ಸೈನ್ಯ ಶಾಂತಿಪಾಲನಾ ಪಡೆ ಅಂತ ಅಲ್ಲಿಗೆ ಹೋಯ್ತು, ಅಕ್ಟೋಬರ್‌ನಲ್ಲಿ ಆಪರೇಷನ್ ಪವನ್ ಶುರುವಾಗಿ ಶಾಂತಿ ಕಾಯೋಕ್ಕೆ ಹೋದೋರು ಎಲ್‌ಟಿಟಿಇ ಜೊತೆ ಯುದ್ಧ ಮಾಡೋ ಹಂಗಾಯ್ತು. ಕೊನೇ ತುಕಡಿ ವಾಪಸ್ ಬಂದಿದ್ದು 1990ರ ಮಾರ್ಚ್‌ನಲ್ಲಿ. ಸಾವಿರಕ್ಕೂ ಜಾಸ್ತಿ ಯೋಧರು ಅಲ್ಲೇ ಪ್ರಾಣ ಬಿಟ್ರು, ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವ್ರಿಗೆ ಮರಣೋತ್ತರ ಪರಮವೀರ ಚಕ್ರ ಬಂದಿದ್ದು ಅದೇ ಯುದ್ಧದಲ್ಲಿ. ಕಾರ್ಗಿಲ್ ಅಂದ್ರೆ ನಮ್ಮ ಶಾಲೆ ಮಕ್ಕಳಿಗೂ ಗೊತ್ತು, ಗೊತ್ತಿರ್ಲೇಬೇಕು, ಆದ್ರೆ ಇದು ಯಾರಿಗೂ ನೆನಪಿಲ್ಲ ಅನ್ನೋದು ನಂಗೆ ಸಂಕಟ.

ಅಪ್ಪಾಜಿ ಅಲ್ಲಿ ಶಕ್ತಿಮಾನ್ ಲಾರಿ ಓಡಿಸ್ತಿದ್ರು. ಕಾನ್ವಾಯ್ (ಸಾಲಾಗಿ ಹೋಗೋ ಗಾಡಿಗಳು) ಹೊರಡೋ ಮುಂಚೆ ಒಂದು ಪಾರ್ಟಿ ನಡ್ಕೊಂಡೇ ಮುಂದೆ ಹೋಗಿ ರಸ್ತೆ, ಮೋರಿ, ಪಕ್ಕದ ತೋಟ ಎಲ್ಲಾ ಹುಡುಕಿ ಮೈನ್ ಇಲ್ಲ ಅಂತ ಸಿಗ್ನಲ್ ಕೊಟ್ಮೇಲೇ ಗಾಡಿ ಬಿಡ್ತಿದ್ರಂತೆ, ಕ್ಯಾಬಿನ್ ಒಳಗೆ ಕಾಲಡಿಗೆ ಮರಳಿನ ಮೂಟೆ ಹಾಕ್ಕೊಂಡು ಕೂರೋದು, ಸ್ಫೋಟ ಆದ್ರೂ ಕಾಲು ಉಳೀಲಿ ಅಂತ. ಮುಂದಿನ ಗಾಡಿ ಸ್ಫೋಟಕ್ಕೆ ಸಿಕ್ಕಿ ತನ್ನ ಗಾಡಿ ಉಳಿದ ದಿನಗಳ ಬಗ್ಗೆ ಅಪ್ಪಾಜಿ ಜಾಸ್ತಿ ಮಾತಾಡಲ್ಲ, ನಾವೂ ಕೇಳಲ್ಲ. ಇವತ್ತಿಗೂ ಜಗಳೂರು ರೋಡಲ್ಲಿ ಸ್ಕೂಟರ್ ಓಡಿಸ್ವಾಗ ಮೋರಿ ಹತ್ರ ಬಂದ್ರೆ ಅವ್ರ ಕೈ ತಾನಾಗೇ ಬ್ರೇಕ್ ಮೇಲೆ ಹೋಗುತ್ತೆ, ಹಿಂದೆ ಕೂತೋರಿಗೆ ಗೊತ್ತಾಗುತ್ತೆ.

ಆಮೇಲೆ ಅವ್ರಿಗೆ ಕಾಮಾಲೆ ಬಂತು, ಕಣ್ಣು ಪೂರ್ತಿ ಹಳದಿ ಆಗಿ ವಿಮಾನದಲ್ಲಿ ಮದ್ರಾಸ್‌ಗೆ ಕಳ್ಸಿದ್ರು. ವಾಸಿ ಆದ್ಮೇಲೆ ಹಳೇ ಯೂನಿಟ್‌ಗೆ ವಾಪಸ್ ಹೋಗ್ಲಿಲ್ಲ, ಉತ್ತರ ಭಾರತದ ಕಡೆ ಬೇರೆ ಯೂನಿಟ್‌ಗೆ ಪೋಸ್ಟಿಂಗ್ ಆಯ್ತು. ತಪ್ಪಿದ್ದೇ ಇಲ್ಲಿ. ಮೆಡಲ್‌ಗೆ ಹೆಸರು ಕಳ್ಸೋವಾಗ ಹಳೇ ಯೂನಿಟ್ ತನ್ ಹತ್ರ ಇದ್ದೋರ ಪಟ್ಟಿ ಮಾಡ್ತು, ಹೊಸ ಯೂನಿಟ್‌ಗೆ ಇವ್ರು ಲಂಕಾದಿಂದ ಬಂದೋರು ಅನ್ನೋದೇ ತಲೇಲಿರ್ಲಿಲ್ಲ, ಎರಡರ ಮಧ್ಯೆ ಅಪ್ಪಾಜಿ ಹೆಸರು ಬಿಟ್ಟೋಯ್ತು. ಸೈನ್ಯ ಬಿಡೋವಾಗ ಕೊಡೋ ಡಿಸ್ಚಾರ್ಜ್ ಬುಕ್ಕಲ್ಲಿ ಮೆಡಲ್ ಕಾಲಂನಲ್ಲಿ ಸೈನ್ಯ ಸೇವಾ ಮೆಡಲ್, 9 ವರ್ಷದ ಲಾಂಗ್ ಸರ್ವೀಸ್ ಮೆಡಲ್, 1997ರ ಸ್ವಾತಂತ್ರ್ಯದ 50ನೇ ವರ್ಷದ ಮೆಡಲ್, ಇಷ್ಟೇ. ಲಂಕಾದ ಸುದ್ದಿನೇ ಇಲ್ಲ. ನಾನು ಕೇಳಿದಾಗೆಲ್ಲ "ಇರ್ಲಿ ಬಿಡವ್ವ, ಹೋಗಿ ಬಂದಿದ್ದು ನಂಗೆ ಗೊತ್ತೈತಲ್ಲ" ಅಂತಿದ್ರು.

ನಂಗೆ ಬಿಡಕ್ಕಾಗ್ಲಿಲ್ಲ. ಒಂದು ಮಾತು ಸ್ಪಷ್ಟ ಮಾಡ್ತೀನಿ, ಕೆಲವ್ರು ಕೇಳಿದ್ರು, ಇದ್ರಿಂದ ಪೆನ್ಷನ್ ಜಾಸ್ತಿ ಆಗುತ್ತಾ, ಸೈಟ್ ಸಿಗುತ್ತಾ ಅಂತ. ಒಂದ್ರೂಪಾಯಿನೂ ಜಾಸ್ತಿ ಆಗಲ್ಲ. ಇವು ಶೌರ್ಯ ಪ್ರಶಸ್ತಿ ಅಲ್ಲ, ಅಲ್ಲಿ ಡ್ಯೂಟಿ ಮಾಡಿದ್ದಾನೆ ಅಂತ ಸರ್ಕಾರ ಕೊಡೋ ಮೆಡಲ್. ಆದ್ರೆ ನಮ್ಮಪ್ಪ ತನ್ನ ಜೀವನದ ಅತೀ ಕಷ್ಟದ ದಿನ ಎಲ್ಲಿ ಕಳೆದ್ರೋ ಆ ಜಾಗದ ಹೆಸರೇ ಅವ್ರ ರೆಕಾರ್ಡಲ್ಲಿ ಇಲ್ಲ ಅಂದ್ರೆ ಮಗಳಾಗಿ ನಾನು ಹೆಂಗೆ ಸುಮ್ನಿರ್ಲಿ.

ಮೊದಲ ಅರ್ಜಿಗೆ ಬಂದ ಉತ್ತರ ಎರಡೇ ಸಾಲು, ಸರ್ವೀಸ್ ಡಾಕ್ಯುಮೆಂಟ್‌ನಲ್ಲಿ ಅಂಥ ಎಂಟ್ರಿ ಕಾಣಿಸ್ತಿಲ್ಲ ಅಂತ. ಎಂಟ್ರಿ ಇಲ್ಲ ಅಂತಾನೇ ಅಲ್ವಾ ನಾವು ಬರೆದಿದ್ದು! ಅವತ್ತು ಅಳು ಬಂತು. ಆಗ ಸಿಕ್ಕಿದ್ದು ಚಿತ್ರದುರ್ಗದ ಸುಬೇದಾರ್ ಸಾಹೇಬ್ರು, ಆರ್ಮೀಲಿ ಕ್ಲರ್ಕ್ ಟ್ರೇಡ್‌ನಲ್ಲೇ ಇದ್ದು ರಿಟೈರ್ ಆದೋರು, ಹೆಸರು ಹಾಕ್ಬೇಡಮ್ಮ ಅಂದಿದಾರೆ ಅದಕ್ಕೆ ಹಾಕಿಲ್ಲ. ಅವ್ರಿಗೆ ನನ್ನ ಮೊದಲ ನಮಸ್ಕಾರ. ಅವ್ರು ನಮ್ಮ ಅರ್ಜಿ ಓದಿ, ಇದ್ರಲ್ಲಿ ನೋವು ಇದೆ ಆದ್ರೆ ಪುರಾವೆ ಇಲ್ಲ, ಮೊದ್ಲು ಶೀಟ್ ರೋಲ್ (ರೆಕಾರ್ಡ್ ಆಫೀಸಲ್ಲಿರೋ ಸೈನಿಕನ ಸರ್ವೀಸ್ ದಾಖಲೆ) ಕಾಪಿ ತರಿಸು ಅಂದ್ರು. ಮಾಹಿತಿ ಹಕ್ಕಿನಲ್ಲಿ, ಅದೇ 2005ರ ಆರ್‌ಟಿಐ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅಪ್ಪಾಜಿ ಸಹಿ ಮಾಡಿ ಕಳ್ಸಿದ್ವಿ, ಕಾನೂನಲ್ಲಿ 30 ದಿನದ ಗಡುವು ಇದೆ, ಗಡುವಿನ ಒಳಗೇ ಜೆರಾಕ್ಸ್ ಕಟ್ಟು ಬಂತು.

ಅದನ್ನ ಸುಬೇದಾರ್ ಸಾಹೇಬ್ರ ಮನೆ ಪಡಸಾಲೆಯಲ್ಲಿ ಹರಡ್ಕೊಂಡು ಕೂತ್ವಿ. ನಾನು ಮೆಡಲ್ ಪುಟಾನೇ ಮತ್ತೆ ಮತ್ತೆ ನೋಡ್ತಿದ್ದೆ, ಸಾಹೇಬ್ರು ಅದನ್ನ ಪಕ್ಕಕ್ಕಿಟ್ಟು ಫ್ಯಾಮಿಲಿ ವಿವರದ ಪುಟ ತೆಗೆದ್ರು. ಸೈನಿಕನ ವಿಷ್ಯದಲ್ಲಿ ಏನೇ ಬದಲಾವಣೆ ಆದ್ರೂ, ರಜೆ, ಪ್ರಮೋಷನ್, ಮದುವೆ, ಮಗು ಹುಟ್ಟಿದ್ದು, ಎಲ್ಲದಕ್ಕೂ ಯೂನಿಟ್ ಪಾರ್ಟ್ ಟೂ ಆರ್ಡರ್ ಅಂತ ಹೊರಡಿಸುತ್ತೆ, ಅದು ರೆಕಾರ್ಡ್ ಆಫೀಸಿಗೆ ಹೋಗಿ ಶೀಟ್ ರೋಲಲ್ಲಿ ಏರುತ್ತೆ. ನಾನು ಹುಟ್ಟಿದ್ದು 1988ರಲ್ಲಿ. ಆ ಪುಟದಲ್ಲಿ ನನ್ನ ಹೆಸರು, ಹುಟ್ಟಿದ ತಾರೀಕು, ಅದರ ಮುಂದೆ ಪಾರ್ಟ್ ಟೂ ಆರ್ಡರ್ ನಂಬರ್, ಅದನ್ನ ಹೊರಡಿಸಿದ ಯೂನಿಟ್ ಹೆಸರು. ಆ ಯೂನಿಟ್ ಆಗ ಇದ್ದಿದ್ದು ಶ್ರೀಲಂಕಾದಲ್ಲಿ. ಸಾಹೇಬ್ರು ಪೆನ್ಸಿಲ್‌ನಲ್ಲಿ ಆ ಸಾಲಿನ ಕೆಳಗೆ ಗೆರೆ ಎಳೆದು, ನೋಡಮ್ಮ ನಿಮ್ಮಪ್ಪನ ಸಾಕ್ಷಿ ನೀನೇ ಅಂದ್ರು. ನಾನು ಏನೂ ಮಾತಾಡಕ್ಕಾಗ್ಲಿಲ್ಲ ಅವತ್ತು. ಅಪ್ಪಾಜಿ ನನ್ನ ಮುಖ ನೋಡಿದ್ದು ನಾನು ಕೂರೋಕೆ ಶುರು ಮಾಡಿದ್ಮೇಲೆ ಅಂತ ಅವ್ವ ಹೇಳ್ತಿದ್ರು, ಅಷ್ಟು ದಿನ ದೂರ ಇದ್ದಿದ್ದಕ್ಕೆ ಲೆಕ್ಕ ಆ ಒಂದು ಸಾಲಲ್ಲಿ ಇತ್ತು.

ಇನ್ನು ಅವ್ವಂಗೆ ಏನಂತ ಹೇಳ್ಲಿ. ನನ್ನ ಹೆರಿಗೆ ಸುದ್ದಿ ಬರೆದಾಗ ಅಪ್ಪಾಜಿ ಬರೆದ ಉತ್ತರ, ಮೇಲೆ ಸೈನ್ಯದ ಅಂಚೆಯ ಫೀಲ್ಡ್ ಪೋಸ್ಟ್ ಆಫೀಸ್ ಸೀಲ್ ಇರೋ ಕಾಗದ, ಅದನ್ನ ತವರಿಂದ ತಂದ ಟ್ರಂಕಲ್ಲಿ ರೇಷ್ಮೆ ಸೀರೆ ಮಡಿಕೆ ಒಳಗೆ ಇಟ್ಟಿದ್ರು. ಮನೆ ಬದಲಾಯ್ಸಿದ್ವಿ, ಹಳ್ಳಿ ಬಿಟ್ಟು ದಾವಣಗೆರೆಗೆ ಬಂದ್ವಿ, ಏನೇನೋ ಕಳ್ಕೊಂಡ್ವಿ, ಆ ಕಾಗದ ಕಳೀಲಿಲ್ಲ. ಅದರ ಕಾಪಿನೂ ಅರ್ಜಿ ಜೊತೆ ಹೋಯ್ತು.

ಸೇಲಂ ಕಡೆಯ ಅಪ್ಪಾಜಿ ಜೊತೆಗಾರರು, ಒಂದೇ ಕಾನ್ವಾಯ್‌ನಲ್ಲಿ ಗಾಡಿ ಓಡಿಸ್ದೋರು, ಅವ್ರನ್ನ ಹುಡುಕಿ ಕೊಟ್ಟಿದ್ದು ಹಿರಿಯೂರಿನ ಮಾಜಿ ಸೈನಿಕರೊಬ್ರು. ಫೋನ್ ಹಚ್ಚಿದ್ರೆ ಅವ್ರಿಗೆ ಕನ್ನಡ ಬರಲ್ಲ, ಅಪ್ಪಾಜಿಗೆ ತಮಿಳು ಮರೆತೋಗಿದೆ, ಇಬ್ರೂ ಹಳೇ ಫೌಜಿ ಹಿಂದೀಲಿ ಅರ್ಧ ಗಂಟೆ ಜೋರಾಗಿ ಮಾತಾಡಿದ್ರು, ಮನೆಯೆಲ್ಲ ನಗು. ಮಾರನೇ ದಿನಾನೇ ಅವ್ರು ನೋಟರಿ ಹತ್ರ ಹೋಗಿ ಅಫಿಡವಿಟ್ ಮಾಡ್ಸಿ ತಮ್ಮ ದುಡ್ಡಲ್ಲೇ ಕಳ್ಸಿದ್ರು. ಅಣ್ಣ, ನಿಮ್ಮ ಋಣ ದೊಡ್ಡದು, ಈ ಬರಹ ಯಾರಾದ್ರೂ ನಿಮಗೆ ಓದಿ ಹೇಳ್ತಾರೆ ಅಂದ್ಕೊಂಡಿದೀನಿ.

ಜಿಲ್ಲೆ ಗೊಂದಲ ಒಂದು ಬಂತು. ಅಪ್ಪಾಜಿ ಭರ್ತಿ ಆದಾಗ ಜಗಳೂರು ಚಿತ್ರದುರ್ಗ ಜಿಲ್ಲೇಲಿತ್ತು, ರೆಕಾರ್ಡಲ್ಲಿ ಚಿತ್ರದುರ್ಗ ಅಂತಾನೇ ಇದೆ. 1997ರಲ್ಲಿ ಜೆ.ಎಚ್. ಪಟೇಲ್ರು ಮುಖ್ಯಮಂತ್ರಿ ಇದ್ದಾಗ ದಾವಣಗೆರೆ ಬೇರೆ ಜಿಲ್ಲೆ ಆಗಿ ಜಗಳೂರು ಈ ಕಡೆ ಬಂತು, ಆಧಾರ್‌ನಲ್ಲಿ ದಾವಣಗೆರೆ. ಹೆಸರಿನ ಸ್ಪೆಲ್ಲಿಂಗಲ್ಲೂ ಒಂದಕ್ಷರ ಆಚೀಚೆ. ಕಾಗದ ನೋಡೋ ದೂರದ ಊರಿನ ಅಧಿಕಾರಿಗೆ ಇಬ್ರು ಬೇರೆ ಬೇರೆ ಮನುಷ್ಯರು ಅನ್ಸಿದ್ರೆ ಅದೇನು ಅವ್ರ ತಪ್ಪಲ್ಲ. ಆಗ ಜಗಳೂರು ತಾಲ್ಲೂಕು ಆಫೀಸಲ್ಲಿ ಒಬ್ರು ಮೇಡಂ, ಊರು ಅದೇ ಜಿಲ್ಲೆ ಮಾತ್ರ ಬದ್ಲಾಗಿದೆ ಅಂತ ದೃಢೀಕರಣ ಪತ್ರ ರೆಡಿ ಮಾಡ್ಸಿ, ಅಪ್ಪಾಜಿನ ಕುರ್ಚಿ ಮೇಲೆ ಕೂರ್ಸಿ, ನೀವು ನಿಲ್ಬೇಡಿ ಸಾರ್ ಅಂದ್ರು. ಆ ಒಂದು ಮಾತಿಗೆ ಅಪ್ಪಾಜಿ ದಾರಿಯುದ್ದಕ್ಕೂ ಖುಷಿಯಾಗಿದ್ರು. ಮೇಡಂ, ನಿಮಗೆ ಹೊಟ್ಟೆ ತುಂಬ ಆಶೀರ್ವಾದ.

ಸೈನಿಕ ಕಲ್ಯಾಣ ಇಲಾಖೆಯ ಸಿಬ್ಬಂದಿ ನಮ್ಮ ಕಾಗದನೆಲ್ಲ ಜೋಡಿಸಿ ಶಿಫಾರಸು ಪತ್ರ ಹಾಕಿ ಕಳ್ಸಿಕೊಟ್ರು, ಅವ್ರಿಗೂ, ಕೋರ್ಟ್ ಹತ್ರ ಟೈಪ್ ಮಾಡಿಕೊಟ್ಟು ಫೌಜಿ ಕೆಲ್ಸ ಅಂತ ದುಡ್ಡು ಬೇಡ ಅಂದ ಹುಡ್ಗಂಗೂ, ರೆಕಾರ್ಡ್ ಆಫೀಸಲ್ಲಿ ಫೋನ್ ಎತ್ತಿ ಪ್ರತಿ ಸಲ ಸಮಾಧಾನದಿಂದ ಫೈಲ್ ಎಲ್ಲಿದೆ ಅಂತ ಹೇಳ್ತಿದ್ದ ಹವಾಲ್ದಾರ್ ಅವ್ರಿಗೂ ಧನ್ಯವಾದ. ನಂಗೆ ಶಾಲೆಯಿಂದ ರಜೆ ಸಿಗದೇ ಇದ್ದಾಗೆಲ್ಲ ನನ್ನ ಯಜಮಾನ್ರು ನನ್ನ ಬದ್ಲು ಅಪ್ಪಾಜಿನ ಕರ್ಕೊಂಡು ಓಡಾಡಿದಾರೆ, ಬೆಣ್ಣೆದೋಸೆ ತಿನ್ಸೇ ವಾಪಸ್ ಕರ್ಕೊಂಡ್ ಬರ್ತಿದ್ರು, ಅದಕ್ಕೇ ಅಪ್ಪಾಜಿ ಒಂದ್ಸಲನೂ ಬರಲ್ಲ ಅನ್ಲಿಲ್ಲ ಅನ್ಸುತ್ತೆ.

ಈ ಸಲ ಜನವರಿ 26ಕ್ಕೆ ನಮ್ಮ ಹಳ್ಳಿ ಶಾಲೇಲಿ ಅಪ್ಪಾಜಿನ ಕರೆದಿದ್ರು. ಐದೂ ಮೆಡಲ್ ಒಟ್ಟಿಗೆ ಎಡಗಡೆ ಎದೆ ಮೇಲೆ ಹಾಕ್ಕೊಂಡ್ರು. ಐದನೇ ಕ್ಲಾಸಿನ ಹುಡ್ಗಿ ಒಬ್ಳು ಪ್ರತಿಯೊಂದನ್ನೂ ಬೆರಳಿಟ್ಟು ಇದು ಯಾವ್ದು ತಾತ ಅಂತ ಕೇಳಿದ್ಲು. ಶ್ರೀಲಂಕಾ ಮೆಡಲ್‌ಗೆ ಬಂದಾಗ ಅಪ್ಪಾಜಿ ಮೊದಲ್ನೇ ಸಲ ಶಕ್ತಿಮಾನ್ ಲಾರಿ ಕಥೆನ ಪೂರ್ತಿ, ಮೋರಿ ಕಥೆ ಸಮೇತ, ಇಡೀ ಶಾಲೆ ಮುಂದೆ ಹೇಳಿದ್ರು. ನಾನೇ ಅದನ್ನ ಪೂರ್ತಿ ಕೇಳಿದ್ದು ಅವತ್ತು. ಕರೆದ ಮೇಷ್ಟ್ರಿಗೆ, ಊರಿನ ಹಿರಿಯರಿಗೆ ನಮ್ಮ ಮನೆಯೋರೆಲ್ಲರ ಶರಣು.

ಮನೇಲಿ ಮಾಜಿ ಸೈನಿಕರು ಇರೋರು ಒಂದ್ಸಲ ಡಿಸ್ಚಾರ್ಜ್ ಬುಕ್ಕಿನ ಮೆಡಲ್ ಪುಟ ತೆಗೆದು ಅವ್ರನ್ನ ಕೂರ್ಸ್ಕೊಂಡು ಓದಿ. 1971ರ ಪಾಕಿಸ್ತಾನದ ಯುದ್ಧದಲ್ಲಿ ಇದ್ದೋರಿಗೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ ಅಂತ ಇರುತ್ತೆ, ಯಾರಿಗೆ ಯಾವ್ದು ಅನ್ನೋದು ಎಲ್ಲಿ ಡ್ಯೂಟಿ ಅನ್ನೋದ್ರ ಮೇಲೆ. ಕಾರ್ಗಿಲ್ ಟೈಮಿಗೆ ಆಪ್ (ಆಪರೇಷನ್) ವಿಜಯ್ ಸ್ಟಾರ್, ಆಪ್ ವಿಜಯ್ ಮೆಡಲ್. ಅರ್ಜೀಲಿ ಸ್ಪೆಷಲ್ ಸರ್ವೀಸ್ ಮೆಡಲ್ ಅನ್ನೋ ಕಡೆ ವಿಶಿಷ್ಟ ಸೇವಾ ಮೆಡಲ್ ಅಂತ ಬರೀಬೇಡಿ, ಅದು ಬೇರೇನೇ ಪ್ರಶಸ್ತಿ, ಅರ್ಜಿ ದಾರಿ ತಪ್ಪುತ್ತೆ. ಮೊದಲ ಸಲ ಸಿಗಬೇಕಾದ ಮೆಡಲ್‌ಗೆ ದುಡ್ಡು ಕೇಳಲ್ಲ, ಕಳ್ಕೊಂಡು ಬದಲಿ ಕೇಳಿದ್ರೆ ಮಾತ್ರ ದುಡ್ಡು. ಮತ್ತೆ ಫ್ಯಾಮಿಲಿ ಪುಟ ನೋಡಕ್ಕೆ ಮರೀಬೇಡಿ, ಮಕ್ಕಳು ಹುಟ್ಟಿದ ಪಾರ್ಟ್ ಟೂ ಆರ್ಡರ್ ಯಾವ ಯೂನಿಟ್‌ದು ಅಂತ ನೋಡಿ.

ಸುಬೇದಾರ್ ಸಾಹೇಬ್ರು ಈಗ ಹೊಳಲ್ಕೆರೆ ಕಡೆಯ ಒಬ್ಬ ಹಿರಿಯರ ಫೈಲ್ ಹಿಡ್ಕೊಂಡಿದಾರೆ, 1971ರಲ್ಲಿ ಪೂರ್ವದ ಕಡೆ ಇದ್ದೋರು, ಅವ್ರ ಬುಕ್ಕಲ್ಲೂ ಆ ಕಾಲಂ ಖಾಲಿ. ಅರ್ಜಿ ನಾನೇ ಬರೆದುಕೊಟ್ಟೆ, ಶೀಟ್ ರೋಲ್‌ಗೆ ಆರ್‌ಟಿಐ ಹೋದ ವಾರ ಪೋಸ್ಟ್ ಆಯ್ತು. ಆಗ ಅವ್ರ ಯೂನಿಟ್‌ನಲ್ಲಿದ್ದ ಈ ಕಡೆಯೋರು ಯಾರಾದ್ರೂ ಗೊತ್ತಿದ್ರೆ ದಯವಿಟ್ಟು ನಂಗೆ ತಿಳ್ಸಿ, ಒಬ್ರ ಅಫಿಡವಿಟ್ ಸಿಕ್ರೂ ಬಹಳ ಸಹಾಯ ಆಗುತ್ತೆ.