ಡ್ರ್ಯಾಗನ್ ಬಾಲ್ ಹೊಸದಾಗಿ ನೋಡುವವರಿಗೆ

ಎಲ್ಲರಿಗೂ ನಮಸ್ಕಾರ. ಜಪಾನಿನ ಅನಿಮೆ (ಅನಿಮೇಷನ್ ಸರಣಿ) ಡ್ರ್ಯಾಗನ್ ಬಾಲ್ ಅನ್ನು "ಎಲ್ಲಿಂದ ಶುರು ಮಾಡಬೇಕು?" ಅಂತ ತುಂಬಾ ಜನ ಕೇಳುತ್ತಿದ್ದೀರಿ. ದಯವಿಟ್ಟು ನೇರವಾಗಿ ಎರಡನೇ ಸರಣಿಯಾದ ಡ್ರ್ಯಾಗನ್ ಬಾಲ್ ಝಡ್‌ಗೆ ಹೋಗಬೇಡಿ. 1986ರಲ್ಲಿ ಶುರುವಾದ ಮೊದಲ ಸರಣಿಯಿಂದಲೇ ಬನ್ನಿ. 153 ಎಪಿಸೋಡ್ ಇದೆ, ಜಾಸ್ತಿ ಅನ್ನಿಸಬಹುದು. ಆದರೆ ಕಾಡಿನಲ್ಲಿ ಒಬ್ಬನೇ ಬೆಳೆದ ಬಾಲದ ಹುಡುಗ ಗೋಕು ಮೊದಲ ಸಲ ಕಾರು ನೋಡಿ, ಅದು ಯಾವುದೋ ರಾಕ್ಷಸ ಅಂದುಕೊಂಡು ಎತ್ತಿ ಎಸೆಯುವುದನ್ನು ನೋಡದಿದ್ದರೆ ಅವನು ಅರ್ಥವಾಗುವುದಿಲ್ಲ.

ಆಮೇಲೆ 291 ಎಪಿಸೋಡಿನ ಝಡ್. ಇದು ನಿಧಾನ, ನಿಜ. ಅಕಿರಾ ತೊರಿಯಾಮಾ ವಾರವಾರ ಇದರ ಮೂಲ ಮಾಂಗಾ (ಜಪಾನಿ ಕಾಮಿಕ್ಸ್) ಬರೆಯುತ್ತಿದ್ದರು. ಅನಿಮೆ ಅವರನ್ನು ದಾಟಿ ಹೋಗದ ಹಾಗೆ ಕಥೆಯನ್ನು ಎಳೆಯಬೇಕಾಯಿತು. ನಾಮೆಕ್ ಗ್ರಹ ಸಿಡಿಯಲು ಐದೇ ನಿಮಿಷ ಅಂತಾರೆ, ಆ ಐದು ನಿಮಿಷ ಎಷ್ಟೋ ಎಪಿಸೋಡ್ ನಡೆಯುತ್ತದೆ! ಸಮಯ ಇಲ್ಲದವರು 2009ರ ಡ್ರ್ಯಾಗನ್ ಬಾಲ್ ಕೈ (Kai) ಸರಣಿ ನೋಡಿ. ಅದೇ ಕಥೆ, ಎಳೆದಾಟ ಕಡಿಮೆ.

ಖಳನಾಯಕ ಫ್ರೀಝಾ ಎದುರು ಗೋಕುವಿನ ಕೂದಲು ಚಿನ್ನದ ಬಣ್ಣಕ್ಕೆ ತಿರುಗುವ ಎಪಿಸೋಡನ್ನು ಮಾತ್ರ ಜಪಾನಿ ಧ್ವನಿಯಲ್ಲೇ ನೋಡಿ. ಗೋಕುವಿಗೆ ಧ್ವನಿ ಕೊಟ್ಟ ಮಸಾಕೊ ನೊಝಾವಾ ಅವರ ಆ ಕೂಗು ಕೇಳಿದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಅಂದ ಹಾಗೆ, ಮಾಂಗಾದಲ್ಲಿ ಆ ಕೂದಲನ್ನು ಖಾಲಿ ಬಿಟ್ಟಿದ್ದಕ್ಕೆ ಕಪ್ಪು ಮಸಿ ತುಂಬುವ ಕೆಲಸ ತಪ್ಪಿತು ಅಂತ ತೊರಿಯಾಮಾ ಅವರೇ ಹೇಳಿದ್ದರು.

ನಂತರದ ಸರಣಿಗಳಲ್ಲಿ ಜಿಟಿ ಬಿಟ್ಟರೂ ನಡೆಯುತ್ತದೆ. ಝಡ್ ಮುಗಿಸಿ ಸೂಪರ್‌ಗೆ ಹೋಗಿ.

ಒಂದೇ ವಿನಂತಿ: ಯಾರು ಸಾಯುತ್ತಾರೆ ಅಂತ ಇಲ್ಲಿ ಬರೆಯಬೇಡಿ. ಮಾತಾಡಲೇಬೇಕು ಅನ್ನಿಸಿದರೆ ಮೊದಲು ಎಪಿಸೋಡ್ ನಂಬರ್ ಹಾಕಿ.