ಅಜ್ಜನಿಗೆ, ಕಲೋನ್‌ನಿಂದ

ಕಲೋನ್, ಜರ್ಮನಿ
ಭಾನುವಾರ ರಾತ್ರಿ

ಪ್ರೀತಿಯ ಅಜ್ಜನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಮಿಡಿ ಉಪ್ಪಿನಕಾಯಿ ಇನ್ನೂ ಅರ್ಧ ಬಾಟ್ಲಿ ಇದೆ ಅಂತ ಅಮ್ಮನಿಗೆ ಹೇಳಿ.

ಹೋದ ವಾರ ಫೋನಿನಲ್ಲಿ ಕೇಳಿದಿರಿ, "ಏಳೆಂಟುನೂರು ವರ್ಷ ಹಿಂದಿನ ಪಾದ್ರಿಗಳು ಬರೆದದ್ದನ್ನು ಓದಲಿಕ್ಕೆ ಅಷ್ಟು ದೂರ ಹೋಗಬೇಕಿತ್ತಾ?" ಅಷ್ಟರಲ್ಲಿ ಲೈನ್ ಕಟ್ಟಾಯಿತು.

ಈಗ ಓದುತ್ತಿರುವುದು ಥಾಮಸ್ ಅಕ್ವಿನಾಸ್ ಎಂಬ ಕ್ರೈಸ್ತ ತತ್ವಜ್ಞಾನಿಯನ್ನು. 1274ರಲ್ಲಿ ತೀರಿಕೊಂಡವರು, ನಮ್ಮ ಮಧ್ವಾಚಾರ್ಯರ ಕಾಲದವರೇ. ಅವರ 'ಸುಮ್ಮಾ ಥಿಯಾಲಜಿಯೇ' ಎಂಬ ಗ್ರಂಥದಲ್ಲಿ 'ದೇವರಿದ್ದಾನೆಯೇ?' ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಮೊದಲ ಮಾತೇ ಏನು ಗೊತ್ತಾ ಅಜ್ಜ? ದೇವರಿಲ್ಲವೆಂದು ತೋರುತ್ತದೆ! ದೇವರೆಂದರೆ ಕೊನೆಯಿಲ್ಲದ ಒಳಿತು. ಅದು ಇದ್ದರೆ ಕೆಡುಕಿಗೆ ಜಾಗವೇ ಇರಬಾರದು. ಆದರೆ ಲೋಕದಲ್ಲಿ ಕೆಡುಕಿದೆ. ಹಾಗಾಗಿ ದೇವರಿಲ್ಲ. ಎದುರಾಳಿಯ ಪರವಾಗಿ ಅವರೇ ಇಷ್ಟು ಗಟ್ಟಿಯಾಗಿ ವಾದಿಸುತ್ತಾರೆ. ಆಮೇಲೆ ತಮ್ಮ ಉತ್ತರ. ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ. ಆಗಿನ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಹೀಗೆ ಸಭೆಯಲ್ಲಿ ವಾದ ಮಾಡುವುದೂ ಪಾಠದ ಒಂದು ಭಾಗ. ಪ್ಯಾರಿಸಿನವರು ನಮ್ಮ ಶಾಸ್ತ್ರದವರಿಂದ ಕಲಿತರು ಅಂತ ನಾನು ಹೇಳುತ್ತಿಲ್ಲ. ಆದರೆ ಜಗಲಿಯಲ್ಲಿ ಕೂತು "ಮೊದಲು ಪೂರ್ವಪಕ್ಷ ಸರಿಯಾಗಿ ಹೇಳು, ಸಿದ್ಧಾಂತ ಆಮೇಲೆ" ಎಂದು ನೀವು ಗದರುತ್ತಿದ್ದದ್ದು ಓದುವಾಗೆಲ್ಲ ಕೇಳಿಸುತ್ತದೆ.

ಆ ಕಾಲದ ಲ್ಯಾಟಿನ್ ಹಸ್ತಪ್ರತಿ ಓದುವುದೇ ಕಷ್ಟ. ಚರ್ಮದ ಹಾಳೆ ದುಬಾರಿ, ಅದಕ್ಕೆ ಬರೆಯುವವರು ಪದಗಳನ್ನು ಮೊಟಕು ಮಾಡುತ್ತಿದ್ದರು. 'ಪಿ' ಅಕ್ಷರದ ಕಾಲಿಗೆ ಅಡ್ಡಗೆರೆ ಎಳೆದರೆ 'ಪೆರ್', ಅಂದರೆ 'ಮೂಲಕ'. ಅದೇ ಕಾಲಿಗೆ ಎಡಗಡೆ ಸಣ್ಣ ಕೊಂಡಿ ಹಾಕಿದರೆ 'ಪ್ರೋ', ಅಂದರೆ 'ಪರವಾಗಿ'. ಮೊನ್ನೆ ಕೊಂಡಿಯನ್ನು ಗೆರೆ ಅಂದುಕೊಂಡು ಒಂದೇ ಸಾಲಿನ ಮುಂದೆ ಎರಡು ಗಂಟೆ ಕೂತಿದ್ದೆ. ತಾಳೆಗರಿಯಲ್ಲಿ ಒಂದು ಸೊನ್ನೆ ಬಿಟ್ಟುಹೋಗಿ ಅರ್ಥವೇ ಕೆಟ್ಟ ಜಾಗ ತೋರಿಸಿದ್ದಿರಲ್ಲ, ಅದು ನೆನಪಾಯಿತು.

ಥಾಮಸ್ ಇದೇ ಊರಿನಲ್ಲಿ ಆಲ್ಬರ್ಟ್ ಎಂಬ ಗುರುಗಳ ಬಳಿ ಓದಿದವರು. ಇವತ್ತು ಸೇಂಟ್ ಆಂಡ್ರಿಯಾಸ್ ಚರ್ಚಿಗೆ ಹೋಗಿದ್ದೆ. ಮೆಟ್ಟಿಲಿಳಿದರೆ ನೆಲಮಾಳಿಗೆಯಲ್ಲಿ ಆಲ್ಬರ್ಟ್ ಅವರ ಸಮಾಧಿ, ಒಂದು ಕಲ್ಲಿನ ಪೆಟ್ಟಿಗೆ. ಅವರು ಹೋದದ್ದು 1280ರಲ್ಲಿ. ಶಿಷ್ಯ ತೀರಿಕೊಂಡ ಮೇಲೂ ಆರು ವರ್ಷ ಬದುಕಿದ್ದರು. ಅಲ್ಲಿ ಸುಮ್ನೆ ತುಂಬಾ ಹೊತ್ತು ನಿಂತಿದ್ದೆ.

ಅಜ್ಜ, ಕೆಡುಕಿನ ಆ ಆಕ್ಷೇಪಕ್ಕೆ ನಿಮ್ಮ ಸಮಾಧಾನ ಏನು? ಥಾಮಸ್ ಅವರದ್ದನ್ನು ನಾನು ಈಗಲೇ ಹೇಳುವುದಿಲ್ಲ. ಮೊದಲು ನೀವು ಬರೆಯಿರಿ.

ನಿಮ್ಮ ಪ್ರೀತಿಯ
ಮೊಮ್ಮಗಳು