ಬಂಗಲೆಯಾಚೆಗಿನ ಚರಿತ್ರೆಯನ್ನೂ ನೋಡಬೇಕು

ಮಾನ್ಯ ಸಂಪಾದಕರೇ,

ಅಮೆರಿಕದ ಲೂಸಿಯಾನ ರಾಜ್ಯದಲ್ಲಿ ಮಿಸಿಸಿಪ್ಪಿ ನದಿಯ ದಂಡೆಗುಂಟ ಉಳಿದಿರುವ ಹಳೆಯ ಕಬ್ಬಿನ ಎಸ್ಟೇಟುಗಳಿಗೆ ಪ್ರವಾಸ ಹೋಗುವ ಕನ್ನಡಿಗರು, ಓಕ್ ಆ್ಯಲಿ ಎಂಬ ಎಸ್ಟೇಟಿನಲ್ಲಿ ಎರಡು ಸಾಲಾಗಿ ನಿಂತ 28 ಓಕ್ ಮರಗಳ ನೆರಳಿನಲ್ಲಿ ಚಿತ್ರ ತೆಗೆಸಿಕೊಂಡು ಅಷ್ಟಕ್ಕೇ ಹಿಂದಿರುಗಬಾರದೆಂಬ ಕಳಕಳಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಅದೇ ದಂಡೆಯಲ್ಲಿರುವ ವಿಟ್ನಿ ಎಸ್ಟೇಟನ್ನು ತಪ್ಪದೆ ನೋಡಬೇಕು. 1752ರಲ್ಲಿ ಜರ್ಮನ್ ವಲಸಿಗ ಕುಟುಂಬವೊಂದು ಆರಂಭಿಸಿದ ಈ ತೋಟದಲ್ಲಿ ಮೊದಲು ನೀಲಿ ಬಣ್ಣ ತೆಗೆಯುವ ಗಿಡವನ್ನೂ ಬಳಿಕ ಕಬ್ಬನ್ನೂ ಬೆಳೆಯಲಾಯಿತು. 2014ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದ ಇದು ಮಾಲೀಕರ ವೈಭವಕ್ಕಿಂತ ಗುಲಾಮರ ಬದುಕನ್ನು ಮುಂದಿಡುತ್ತದೆ. ಕಬ್ಬಿನ ಹಾಲನ್ನು ಕುದಿಸುತ್ತಿದ್ದ ಭಾರೀ ಕಬ್ಬಿಣದ ಕಡಾಯಿಗಳು ಇಂದಿಗೂ ಅಲ್ಲಿವೆ. ಅರೆಯುವ ಹಂಗಾಮಿನಲ್ಲಿ ಹಗಲಿರುಳೆನ್ನದೆ ಅವುಗಳ ಮುಂದೆ ದುಡಿದವರ ಮೈ ಸುಡುತ್ತಿತ್ತು, ಗಾಣಕ್ಕೆ ಸಿಕ್ಕಿ ಕೈ ಕಳೆದುಕೊಳ್ಳುವುದೂ ಇತ್ತು. ಲೂಸಿಯಾನದಲ್ಲಿ ಗುಲಾಮರಾಗಿದ್ದ ಲಕ್ಷಕ್ಕೂ ಹೆಚ್ಚು ಜನರ ಹೆಸರುಗಳನ್ನು ಅಲ್ಲಿನ ಸ್ಮಾರಕ ಫಲಕಗಳಲ್ಲಿ ಕೆತ್ತಲಾಗಿದೆ. ಅವುಗಳನ್ನು ನಿಧಾನವಾಗಿ ಓದಬೇಕು.

ಇದೇ ಸೀಮೆಯಲ್ಲಿ 1811ರ ಜನವರಿಯಲ್ಲಿ ಗುಲಾಮರು ದಂಗೆಯೆದ್ದು ನ್ಯೂ ಆರ್ಲಿಯನ್ಸ್‌ನತ್ತ ನಡೆದರು. ದಂಗೆಯನ್ನು ಹತ್ತಿಕ್ಕಿ, ಹಲವರ ತಲೆಗಳನ್ನು ನದಿದಂಡೆಯ ಕಂಬಗಳಿಗೆ ಸಿಕ್ಕಿಸಲಾಯಿತು. ಇಂಥ ನೆಲದ ಕೆಲವು ಬಂಗಲೆಗಳನ್ನು ಮದುವೆಗೆ ಬಾಡಿಗೆಗೆ ಕೊಡುವ ರೂಢಿ ನನಗಂತೂ ಸರಿಯೆನಿಸುವುದಿಲ್ಲ. ಇಂದು ಕಬ್ಬಿನ ಹೊಲಗಳ ಪಕ್ಕದಲ್ಲೇ ಪೆಟ್ರೋರಾಸಾಯನಿಕ ಕಾರ್ಖಾನೆಗಳು ಎದ್ದಿದ್ದು, ಅವುಗಳ ಹೊಗೆಯನ್ನು ಉಸಿರಾಡುತ್ತಿರುವವರಲ್ಲಿ ಆ ಗುಲಾಮರ ವಂಶಜರೂ ಇದ್ದಾರೆ. ಪತ್ರಿಕೆಯ ಪ್ರವಾಸ ಪುಟಗಳಲ್ಲಿ ಈ ಸಂಗತಿಗಳಿಗೂ ಜಾಗ ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ಒಬ್ಬ ಓದುಗ